ವಿಲೀನದ ದಿನ ಪೈಲಟ್ ಕಳೆದುಕೊಳ್ಳುವ ಸಂಖ್ಯೆ

ಅಮೆರಿಕದ ದೊಡ್ಡ ವಿಮಾನಯಾನ ಕಂಪನಿಗೆ ಪೈಲಟ್ ಆಗಿ ಸೇರಿದವರಿಗೆ ಮೊದಲ ದಿನವೇ ಒಂದು ಸಂಖ್ಯೆ ಸಿಗುತ್ತದೆ. ಅದು ಜ್ಯೇಷ್ಠತಾ ಪಟ್ಟಿಯಲ್ಲಿ ಅವರ ಸ್ಥಾನ. ಕಂಪನಿಯಲ್ಲಿ ಐದು ಸಾವಿರ ಪೈಲಟ್‌ಗಳಿದ್ದರೆ ಹೊಸಬರ ಸಂಖ್ಯೆ ಐದು ಸಾವಿರದ ಒಂದು. ಮೇಲಿನವರು ನಿವೃತ್ತರಾದ ಹಾಗೆ ಸಂಖ್ಯೆ ಇಳಿಯುತ್ತಾ ಬರುತ್ತದೆ, ಬದುಕು ಸುಧಾರಿಸುತ್ತಾ ಹೋಗುತ್ತದೆ. ಸಹಪೈಲಟ್ ಯಾವಾಗ ಕ್ಯಾಪ್ಟನ್ ಆಗಬೇಕು, ಯಾರು ದೊಡ್ಡ ವಿಮಾನ ಹಾರಿಸಬೇಕು, ಯಾರಿಗೆ ಯಾವ ಊರು ಠಾಣೆ, ಮುಂದಿನ ತಿಂಗಳ ರೋಸ್ಟರ್‌ನಲ್ಲಿ ಯಾರಿಗೆ ಯಾವ ಮಾರ್ಗ, ಕ್ರಿಸ್‌ಮಸ್‌ಗೆ ಯಾರಿಗೆ ರಜೆ ಎಂಬುದೆಲ್ಲ ಆ ಸಂಖ್ಯೆಯ ಮೇಲೆ ನಿಂತಿದೆ. ಪೈಲಟ್‌ಗಳು ಪ್ರತಿ ತಿಂಗಳೂ ತಮಗೆ ಬೇಕಾದ ಕೆಲಸಕ್ಕೆ ಬಿಡ್ ಹಾಕುತ್ತಾರೆ. ಮೇಲಿನವರು ಆರಿಸಿಕೊಂಡು ಉಳಿದದ್ದು ಕೆಳಗಿನವರಿಗೆ. ಕಂಪನಿಗೆ ಕಷ್ಟ ಬಂದಾಗ ಮನೆಗೆ ಹೋಗುವ ಸರದಿ ಮಾತ್ರ ಕೆಳಗಿನಿಂದ ಶುರುವಾಗುತ್ತದೆ.

ಈ ಸಂಖ್ಯೆಯನ್ನು ಇನ್ನೊಂದು ಕಂಪನಿಗೆ ಒಯ್ಯಲಾಗುವುದಿಲ್ಲ. ಇಪ್ಪತ್ತು ವರ್ಷ ಸೇವೆ ಮಾಡಿದ ಕ್ಯಾಪ್ಟನ್ ಬೇರೆ ಕಂಪನಿ ಸೇರಿದರೆ ಅಲ್ಲಿಯ ಪಟ್ಟಿಯ ತೀರಾ ಕೊನೆಯಲ್ಲಿ, ಸಹಪೈಲಟ್ ಸೀಟಿನಲ್ಲಿ, ಹೊಸಬರ ಸಂಬಳಕ್ಕೆ ಕೂರಬೇಕು. ಎಂಜಿನಿಯರ್, ವೈದ್ಯ, ಪತ್ರಕರ್ತ ಇಂಥವರು ಕೆಲಸ ಬದಲಿಸಿದಾಗ ಅನುಭವಕ್ಕೆ ಬೆಲೆ ಸಿಗುತ್ತದೆ. ಅಮೆರಿಕದ ಪೈಲಟ್‌ಗೆ ಆ ಬೆಲೆ ಇರುವುದು ಇದ್ದ ಕಂಪನಿಯಲ್ಲಿ ಮಾತ್ರ. ಆದ್ದರಿಂದ ಅಲ್ಲಿಯ ಪೈಲಟ್‌ಗಳು ತಮ್ಮ ಕಂಪನಿಯನ್ನು ಎಷ್ಟೇ ಬೈದರೂ ಬಿಟ್ಟು ಹೋಗುವುದು ಅಪರೂಪ. ಅಸಮಾಧಾನವನ್ನು ಅವರು ಯೂನಿಯನ್ ಮೂಲಕ, ಮತಪತ್ರದ ಮೂಲಕ ಹೊರಹಾಕುತ್ತಾರೆ. ಎರಡು ಕಂಪನಿಗಳು ವಿಲೀನವಾಗುತ್ತವೆ ಎಂಬ ಸುದ್ದಿ ಬಂದಾಗ ಷೇರುದಾರರು ಲಾಭ ಎಷ್ಟು ಎಂದು ಕೇಳಿದರೆ, ಪೈಲಟ್‌ಗಳು ಕೇಳುವ ಮೊದಲ ಪ್ರಶ್ನೆ ಪಟ್ಟಿಗಳನ್ನು ಹೇಗೆ ಬೆಸೆಯುತ್ತಾರೆ ಎಂಬುದು.

ಬೆಸೆಯಲು ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು, ಎರಡೂ ಕಡೆಯವರು ಕೆಲಸಕ್ಕೆ ಸೇರಿದ ದಿನಾಂಕ ನೋಡಿ ಹಿರಿಯರನ್ನು ಮೇಲಿಡುವುದು. ಕೇಳಲು ಇದಕ್ಕಿಂತ ನ್ಯಾಯವಾದದ್ದಿಲ್ಲ. ಆದರೆ ಒಂದು ಕಂಪನಿ ಹಳೆಯದಾಗಿ ಸೊರಗಿದ್ದು, ಇನ್ನೊಂದು ಹೊಸದಾಗಿ ಬೆಳೆಯುತ್ತಿದ್ದರೆ, ಹೊಸ ಕಂಪನಿಯಲ್ಲಿ ಆರೇ ವರ್ಷಕ್ಕೆ ಕ್ಯಾಪ್ಟನ್ ಆದವರ ಮುಂದೆ ಹಳೆಯ ಕಂಪನಿಯ ನೂರಾರು ಸಹಪೈಲಟ್‌ಗಳು ಬಂದು ನಿಲ್ಲುತ್ತಾರೆ. ಎರಡನೆಯದು ಅನುಪಾತ. ಎರಡೂ ಪಟ್ಟಿಗಳಲ್ಲಿ ಮೇಲಿನ ಶೇಕಡಾ ಹತ್ತರಲ್ಲಿರುವವರು ಹೊಸ ಪಟ್ಟಿಯಲ್ಲೂ ಮೇಲಿನ ಶೇಕಡಾ ಹತ್ತರಲ್ಲಿ, ನಡುವಿನವರು ನಡುವೆಯೇ ಉಳಿಯುವಂತೆ ಹೆಣೆಯುವುದು. ಇಲ್ಲಿ ಸೇವಾವಧಿ ಹಿಂದೆ ಸರಿದು, ವಿಲೀನದ ದಿನ ಯಾರು ಎಲ್ಲಿದ್ದರೋ ಅದು ಮುಖ್ಯವಾಗುತ್ತದೆ. ಮೂರನೆಯದು ಗೆದ್ದ ಕಂಪನಿಯ ಪಟ್ಟಿಯ ಬಾಲಕ್ಕೆ ಸೋತ ಕಂಪನಿಯ ಪಟ್ಟಿಯನ್ನು ಹಾಗೇ ಅಂಟಿಸಿಬಿಡುವುದು. ಅದು ಬೆಸುಗೆಯಲ್ಲ, ದಬ್ಬಾಳಿಕೆ.

ಕರ್ನಾಟಕದ ಸರ್ಕಾರಿ ನೌಕರರ ಹಳೆಯ ತಲೆಮಾರಿಗೆ ಈ ಸಂಕಟ ಹೊಸದಲ್ಲ. 1956ರ ನವೆಂಬರ್ 1ರಂದು ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಆಡಳಿತಗಳಿಂದ ಬಂದ ನೌಕರರು ಒಂದೇ ರಾಜ್ಯದ ಸೇವೆಗೆ ಸೇರಿದಾಗ, ಯಾವ ಹುದ್ದೆ ಯಾವುದಕ್ಕೆ ಸಮ, ಯಾರು ಯಾರಿಗೆ ಹಿರಿಯ ಎಂಬ ಅಂತರರಾಜ್ಯ ಜ್ಯೇಷ್ಠತಾ ಪಟ್ಟಿಗಳ ವ್ಯಾಜ್ಯ ವರ್ಷಗಟ್ಟಲೆ ಹೈಕೋರ್ಟ್, ಸುಪ್ರೀಂ ಕೋರ್ಟ್‌ಗಳಲ್ಲಿ ಓಡಾಡಿತು. ಪೈಲಟ್‌ಗಳ ಜಗಳವೂ ಅದೇ ಜಾತಿಯದು. ಇಲ್ಲಿ ಪಟ್ಟಿ ಬಡ್ತಿಯನ್ನಷ್ಟೇ ಅಲ್ಲದೆ ತಿಂಗಳ ಪ್ರತಿ ದಿನವನ್ನೂ ಆಳುವುದರಿಂದ ನೋವು ಇನ್ನೂ ಹೆಚ್ಚು.

ಮೂರನೆಯ ದಾರಿಯ ಕ್ರೌರ್ಯವನ್ನು ಜಗತ್ತಿಗೆ ತೋರಿಸಿದ್ದು 2001ರಲ್ಲಿ ಟಿಡಬ್ಲ್ಯುಎ ಕಂಪನಿಯನ್ನು ಅಮೆರಿಕನ್ ಏರ್‌ಲೈನ್ಸ್ ಕೊಂಡ ಪ್ರಕರಣ. ಟಿಡಬ್ಲ್ಯುಎ ದಿವಾಳಿಯಾಗಿತ್ತು, ಪೈಲಟ್‌ಗಳಿಗೆ ಚೌಕಾಶಿ ಮಾಡುವ ಶಕ್ತಿಯೇ ಇರಲಿಲ್ಲ. ತಮ್ಮ ಒಪ್ಪಂದದಲ್ಲಿದ್ದ ರಕ್ಷಣೆಯ ಷರತ್ತುಗಳನ್ನು ಅವರು ಬಿಟ್ಟುಕೊಟ್ಟರು. ಅವರ ಸುಮಾರು 2,300 ಪೈಲಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಅಮೆರಿಕನ್ ಪಟ್ಟಿಯ ಕಟ್ಟಕಡೆಗೆ ಅಂಟಿಸಲಾಯಿತು. ಅದೇ ಸೆಪ್ಟೆಂಬರ್ 11ರ ದಾಳಿಯ ನಂತರ ವಿಮಾನೋದ್ಯಮ ಕುಸಿದಾಗ ಕೆಳಗಿನಿಂದ ಜನರನ್ನು ಮನೆಗೆ ಕಳುಹಿಸುವ ಕೆಲಸ ಶುರುವಾಯಿತು. ಹತ್ತು ವರ್ಷಕ್ಕೂ ಹೆಚ್ಚು ಸೇವೆ ಮಾಡಿದ ಟಿಡಬ್ಲ್ಯುಎ ಪೈಲಟ್‌ಗಳು, ನಿನ್ನೆ ಮೊನ್ನೆ ಸೇರಿದ ಅಮೆರಿಕನ್ ಪೈಲಟ್‌ಗಳಿಗಿಂತ ಮೊದಲು ಬೀದಿಗೆ ಬಿದ್ದರು. ತಮ್ಮ ಹಿತ ಕಾಯಬೇಕಾಗಿದ್ದ ಯೂನಿಯನ್, ಅಂದರೆ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್ (ಆಲ್ಪಾ), ತಮ್ಮನ್ನು ಕೈಬಿಟ್ಟಿತು ಎಂದು ಅವರು ಮೊಕದ್ದಮೆ ಹೂಡಿದರು. 2011ರಲ್ಲಿ ನ್ಯೂಜೆರ್ಸಿಯ ಜ್ಯೂರಿ ಆ ಆರೋಪವನ್ನು ಒಪ್ಪಿತು, 2014ರಲ್ಲಿ 5.3 ಕೋಟಿ ಡಾಲರ್‌ಗೆ ರಾಜಿಯಾಯಿತು. ಹದಿಮೂರು ವರ್ಷದ ನಂತರ ಬಂದ ಆ ಹಣದಿಂದ ಕಳೆದುಹೋದ ಕ್ಯಾಪ್ಟನ್ ಸೀಟು ಯಾರಿಗೂ ಮರಳಲಿಲ್ಲ.

ಟಿಡಬ್ಲ್ಯುಎ ನೆಲೆಯಿದ್ದ ಸೇಂಟ್ ಲೂಯಿಸ್ ನಗರ ಮಿಸ್ಸೂರಿ ರಾಜ್ಯದ್ದು. ಆ ಕಂಪನಿಯ ಗಗನಸಖಿಯರಿಗೂ ಇದೇ ಗತಿಯಾಗಿತ್ತು. ಮಿಸ್ಸೂರಿಯ ಇಬ್ಬರು ಸೆನೆಟರ್‌ಗಳು, ಡೆಮಾಕ್ರಟಿಕ್ ಪಕ್ಷದ ಕ್ಲೇರ್ ಮೆಕ್ಯಾಸ್ಕಿಲ್ ಮತ್ತು ರಿಪಬ್ಲಿಕನ್ ಪಕ್ಷದ ಕಿಟ್ ಬಾಂಡ್, ಪಕ್ಷಭೇದ ಮರೆತು ಒಂದು ತಿದ್ದುಪಡಿ ತಂದರು. 2007ರ ಡಿಸೆಂಬರ್‌ನಲ್ಲಿ ಜಾರಿಯಾದ ಆ ಕಾನೂನಿನ ಪ್ರಕಾರ, ವಿಮಾನಯಾನ ಕಂಪನಿಗಳು ಒಂದಾದಾಗ ಜ್ಯೇಷ್ಠತಾ ಪಟ್ಟಿಗಳನ್ನು ನ್ಯಾಯಯುತವಾಗಿ, ಸಮತೋಲನದಿಂದ ಬೆಸೆಯಬೇಕು. ಮಾತುಕತೆ ಮುರಿದರೆ ಮಧ್ಯಸ್ಥಗಾರರ ತೀರ್ಪಿಗೆ ತಲೆಬಾಗಬೇಕು. ಎರಡೂ ಕಡೆ ಒಂದೇ ಯೂನಿಯನ್ ಇದ್ದರೆ ಆ ಯೂನಿಯನ್‌ನ ಸ್ವಂತ ವಿಲೀನ ನೀತಿ ಅನ್ವಯಿಸುತ್ತದೆ. ಇಷ್ಟು ವ್ಯವಸ್ಥೆ ಇದ್ದರೆ ಸಾಕು ಎಂದು ಅನ್ನಿಸಬಹುದು. ಆದರೆ ಯೂನಿಯನ್ ಒಂದೇ ಆಗಿದ್ದೂ, ವಿಲೀನ ನೀತಿ ಬರಹದಲ್ಲಿದ್ದೂ, ಮಧ್ಯಸ್ಥಗಾರರ ತೀರ್ಪು ಬಂದೂ ಹನ್ನೊಂದು ವರ್ಷ ಉರಿದ ಜಗಳವೊಂದಿದೆ. ಪೈಲಟ್‌ಗಳ ಲೋಕದಲ್ಲಿ ವಿಲೀನ ಎಂದಾಗ ಎಲ್ಲರಿಗೂ ನೆನಪಾಗುವುದು ಅದೇ.

2005ರಲ್ಲಿ ಅಮೆರಿಕ ವೆಸ್ಟ್ ಮತ್ತು ಯುಎಸ್ ಏರ್‌ವೇಸ್ ಒಂದಾದವು. ಯುಎಸ್ ಏರ್‌ವೇಸ್ ಪೂರ್ವ ಕರಾವಳಿಯ ಹಳೆಯ ಕಂಪನಿ. ಎರಡು ವರ್ಷಗಳ ಅಂತರದಲ್ಲಿ ಎರಡು ಸಲ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲು ಹತ್ತಿತ್ತು. ಅದರ ಸುಮಾರು 5,100 ಪೈಲಟ್‌ಗಳಲ್ಲಿ 1,700 ಮಂದಿ ಆಗಲೇ ಕೆಲಸವಿಲ್ಲದೆ ಮನೆಯಲ್ಲಿದ್ದರು. ಉಳಿದವರ ಸಂಬಳ ಕತ್ತರಿಸಿಹೋಗಿತ್ತು, 2003ರಲ್ಲಿ ಪಿಂಚಣಿ ಯೋಜನೆಯೇ ರದ್ದಾಗಿತ್ತು. ಅಮೆರಿಕ ವೆಸ್ಟ್ ಅರಿಜೋನಾದ ಫೀನಿಕ್ಸ್ ಕಡೆಯ ಕಿರಿಯ ಕಂಪನಿ. ಸುಮಾರು 1,900 ಪೈಲಟ್‌ಗಳು. ಸೇವಾವಧಿ ಕಡಿಮೆ, ಆದರೆ ಕಂಪನಿ ತಕ್ಕಮಟ್ಟಿಗೆ ನೆಟ್ಟಗಿತ್ತು. ಹೊಸ ಕಂಪನಿಗೆ ಯುಎಸ್ ಏರ್‌ವೇಸ್ ಎಂಬ ಹೆಸರೇ ಉಳಿಯಿತು, ಚುಕ್ಕಾಣಿ ಹಿಡಿದದ್ದು ಅಮೆರಿಕ ವೆಸ್ಟ್‌ನ ಡಗ್ ಪಾರ್ಕರ್. ಪೈಲಟ್‌ಗಳು ಅಂದಿನಿಂದ ಪೂರ್ವದವರು, ಪಶ್ಚಿಮದವರು ಎಂದಾದರು.

ಪೂರ್ವದವರು ಸೇರಿದ ದಿನಾಂಕವನ್ನೇ ಹಿಡಿಯಬೇಕೆಂದರು. ಹದಿನೇಳು ವರ್ಷ ದುಡಿದವರು ಎರಡು ವರ್ಷದವರ ಹಿಂದೆ ನಿಲ್ಲುವುದೇ ಎಂಬುದು ಅವರ ಪ್ರಶ್ನೆ. ಪಶ್ಚಿಮದವರು ಅನುಪಾತ ಬೇಕೆಂದರು. ನಾವು ಬಂದು ಕೈಹಿಡಿಯದಿದ್ದರೆ ನಿಮ್ಮ ಕಂಪನಿಯೇ ಇರುತ್ತಿರಲಿಲ್ಲ, ಇಲ್ಲದ ಕಂಪನಿಯ ಹಿರಿತನಕ್ಕೆ ಏನು ಬೆಲೆ ಎಂಬುದು ಅವರ ಪ್ರಶ್ನೆ. ಎರಡೂ ಪ್ರಾಮಾಣಿಕ ಪ್ರಶ್ನೆಗಳು. ಎರಡೂ ಕಡೆಯವರು ಆಲ್ಪಾದ ಸದಸ್ಯರೇ ಆದ್ದರಿಂದ ಅದರ ನೀತಿಯಂತೆ ವಿಷಯ ಮಧ್ಯಸ್ಥಗಾರ ಜಾರ್ಜ್ ನಿಕೊಲಾವ್ ಅವರ ಮುಂದೆ ಹೋಯಿತು. 2007ರ ಮೇ ತಿಂಗಳಲ್ಲಿ ಅವರು ತೀರ್ಪು ಕೊಟ್ಟರು. ಖಂಡಾಂತರ ಹಾರುವ ದೊಡ್ಡ ವಿಮಾನಗಳು ಪೂರ್ವದವರಲ್ಲಿ ಮಾತ್ರ ಇದ್ದುದರಿಂದ ಅವರ 517 ಹಿರಿಯರು ಪಟ್ಟಿಯ ತಲೆಗೆ. ಅಲ್ಲಿಂದ ಕೆಳಗೆ ಎರಡೂ ಕಡೆಯವರನ್ನು ಅನುಪಾತದಲ್ಲಿ ಹೆಣೆಯುವುದು. ಮನೆಯಲ್ಲಿದ್ದ ಪೂರ್ವದ 1,700 ಮಂದಿ ಕೊನೆಗೆ. ಇದರ ಫಲವಾಗಿ, ಪೂರ್ವದಲ್ಲಿ ಹದಿನೇಳು ವರ್ಷ ಕೆಲಸ ಮಾಡಿ ಇನ್ನೂ ಕರ್ತವ್ಯದಲ್ಲಿದ್ದ ಪೈಲಟ್‌ನ ಪಕ್ಕದ ಸ್ಥಾನ ಪಶ್ಚಿಮದಲ್ಲಿ ಕೆಲವೇ ತಿಂಗಳ ಸೇವೆಯ ಪೈಲಟ್‌ಗೆ ಹೋಯಿತು.

ತೀರ್ಪು ಬದ್ಧವಾದದ್ದು, ಮೇಲ್ಮನವಿ ಇಲ್ಲ ಎಂದು ಎರಡೂ ಕಡೆಯವರು ಮೊದಲೇ ಒಪ್ಪಿದ್ದರು. ಆದರೆ ವಿಲೀನದ ಸಮಯದ ಒಪ್ಪಂದದಲ್ಲಿ ಇನ್ನೊಂದು ಮಾತಿತ್ತು: ಎಲ್ಲ ಪೈಲಟ್‌ಗಳಿಗೂ ಒಂದೇ ವೇತನ ಒಪ್ಪಂದ ಆಗುವ ತನಕ ಒಂದೇ ಪಟ್ಟಿ ಜಾರಿಗೆ ಬರುವುದಿಲ್ಲ. ಪೂರ್ವದವರು ಈ ಗಂಟನ್ನು ಹಿಡಿದುಕೊಂಡರು. ಒಪ್ಪಂದ ಆಗದಿದ್ದರೆ ಪಟ್ಟಿಯೂ ಇಲ್ಲ. ಅಷ್ಟಕ್ಕೇ ನಿಲ್ಲದೆ ಯೂನಿಯನ್ನನ್ನೇ ಬದಲಿಸಲು ಹೊರಟರು.

ಅಮೆರಿಕದಲ್ಲಿ ವಿಮಾನ ಮತ್ತು ರೈಲು ನೌಕರರ ಯೂನಿಯನ್ ಚುನಾವಣೆಯನ್ನು ನಡೆಸುವುದು ನ್ಯಾಷನಲ್ ಮೀಡಿಯೇಷನ್ ಬೋರ್ಡ್ ಎಂಬ ಸರ್ಕಾರಿ ಸಂಸ್ಥೆ. ಇದಕ್ಕೆ ಆಧಾರವಾದ 1926ರ ರೈಲ್ವೆ ಕಾರ್ಮಿಕ ಕಾಯ್ದೆಯನ್ನು 1936ರಲ್ಲಿ ವಿಮಾನಯಾನಕ್ಕೂ ವಿಸ್ತರಿಸಲಾಯಿತು. ಎರಡು ಕಂಪನಿಗಳು ಒಂದೇ ಸಾರಿಗೆ ವ್ಯವಸ್ಥೆ ಆಗಿವೆ ಎಂದು ಬೋರ್ಡ್ ಘೋಷಿಸಿದ ಮೇಲೆ ಒಂದು ವೃತ್ತಿಗೆ ಒಂದೇ ಯೂನಿಯನ್ ಇರಬೇಕು. ಪೂರ್ವದ ಪೈಲಟ್‌ಗಳು ಯುಎಸ್ ಏರ್‌ಲೈನ್ ಪೈಲಟ್ಸ್ ಅಸೋಸಿಯೇಷನ್ (ಯುಸಾಪಾ) ಎಂಬ ಹೊಸ ಯೂನಿಯನ್ ಕಟ್ಟಿದರು. ಸೇರಿದ ದಿನಾಂಕದ ತತ್ವವನ್ನು ಅದರ ಸಂವಿಧಾನದಲ್ಲೇ ಬರೆದುಕೊಂಡರು. 2008ರ ಏಪ್ರಿಲ್‌ನಲ್ಲಿ ಮತ ಎಣಿಕೆ ಮುಗಿದಾಗ ಯುಸಾಪಾಕ್ಕೆ 2,723, ಆಲ್ಪಾಕ್ಕೆ 2,254 ಮತ. 1931ರಿಂದ ಅಮೆರಿಕದ ಪೈಲಟ್‌ಗಳನ್ನು ಕಟ್ಟಿ ಬೆಳೆಸಿದ ಸಂಘಟನೆ ಒಂದು ದೊಡ್ಡ ಕಂಪನಿಯಿಂದ ಹೊರಬಿತ್ತು.

ಸಂಖ್ಯಾಬಲದ ಮತದಾನ ಅಲ್ಪಸಂಖ್ಯಾತರಿಗೆ ಏನು ಮಾಡಬಲ್ಲದು ಎಂಬುದಕ್ಕೆ ಈ ಚುನಾವಣೆ ಕಣ್ಣಿಗೆ ಕಟ್ಟುವ ಉದಾಹರಣೆ. ಪೂರ್ವದವರ ಸಂಖ್ಯೆ ಪಶ್ಚಿಮದವರ ಎರಡರಷ್ಟಕ್ಕಿಂತಲೂ ಹೆಚ್ಚು. ಎಷ್ಟು ಸಲ ಮತ ಹಾಕಿದರೂ ಗೆಲ್ಲುವವರು ಯಾರು ಎಂಬುದು ಮೊದಲೇ ಗೊತ್ತಿತ್ತು. ಆದ್ದರಿಂದಲೇ ಅಮೆರಿಕದ ನ್ಯಾಯಾಲಯಗಳು ಯೂನಿಯನ್‌ಗಳ ಮೇಲೆ ಒಂದು ಹೊಣೆ ಹೊರಿಸಿವೆ: ತನಗೆ ಮತ ಹಾಕದವರನ್ನೂ ಸೇರಿಸಿ ಎಲ್ಲರನ್ನೂ ನ್ಯಾಯವಾಗಿ ಪ್ರತಿನಿಧಿಸಬೇಕು. ಈ ಹೊಣೆಯನ್ನು ಮುರಿಯಲಾಗಿದೆ ಎಂದು ಪಶ್ಚಿಮದ ಪೈಲಟ್‌ಗಳು ಯುಸಾಪಾ ಮೇಲೆ ದಾವೆ ಹೂಡಿದರು. 2009ರಲ್ಲಿ ಫೀನಿಕ್ಸ್‌ನ ಜ್ಯೂರಿ ಅವರ ಪರ ನಿಂತಿತು. 2010ರಲ್ಲಿ ಮೇಲ್ಮನವಿ ನ್ಯಾಯಾಲಯ, ಅಂತಿಮ ಒಪ್ಪಂದವೇ ಆಗಿಲ್ಲದಿರುವಾಗ ತೀರ್ಮಾನಿಸುವ ಕಾಲ ಬಂದಿಲ್ಲ ಎಂದು ಅದನ್ನು ತಳ್ಳಿಹಾಕಿತು. ಮತ್ತೆ ದಾವೆ, ಮತ್ತೆ ಸೋಲು, ಮತ್ತೆ ಮೇಲ್ಮನವಿ. 2015ರಲ್ಲಿ ಅದೇ ನ್ಯಾಯಾಲಯ, ಯುಸಾಪಾ ತನ್ನ ಹೊಣೆಗೆ ತಪ್ಪಿತು ಎಂದು ಹೇಳಿತು.

ಈ ವರ್ಷಗಳಲ್ಲಿ ಒಂದೇ ಬಣ್ಣದ ವಿಮಾನ, ಒಂದೇ ಸಮವಸ್ತ್ರ, ಒಂದೇ ಟಿಕೆಟ್. ಆದರೆ ಪೂರ್ವದ ಕ್ಯಾಪ್ಟನ್ ಪಕ್ಕದಲ್ಲಿ ಪಶ್ಚಿಮದ ಸಹಪೈಲಟ್ ಕೂರುವಂತಿರಲಿಲ್ಲ. ಎರಡು ಪಟ್ಟಿ, ಎರಡು ವೇತನ ದರ, ಎರಡು ರೋಸ್ಟರ್. ಪೂರ್ವದವರು 2004ರ ದಿವಾಳಿ ಕಾಲದ ಒಪ್ಪಂದದ ದರಕ್ಕೆ 2013ರವರೆಗೂ ದುಡಿದರು. ಇಷ್ಟವಿಲ್ಲದ ಪಟ್ಟಿಯನ್ನು ತಡೆಯಲು ಅವರು ತೆತ್ತ ಬೆಲೆ ಅದು. ಕಂಪನಿಯ ಆಡಳಿತಕ್ಕೆ ಇದರಿಂದ ನಷ್ಟವೇನೂ ಆಗಲಿಲ್ಲ. ಕಡಿಮೆ ಸಂಬಳಕ್ಕೆ ಪೈಲಟ್‌ಗಳು ಸಿಗುತ್ತಿದ್ದಾಗ ಒಪ್ಪಂದಕ್ಕೆ ಅವಸರ ಮಾಡುವ ಕಾರಣ ಅದಕ್ಕಿರಲಿಲ್ಲ. ನೌಕರರು ಎರಡು ಪಂಗಡವಾದಾಗ ಯಾರ ಜೇಬು ತುಂಬುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಕರಣ ಸಿಗುವುದು ಕಷ್ಟ.

ಆ ಪೈಲಟ್‌ಗಳು ಯಾರು ಎಂಬುದು ಜಗತ್ತಿಗೆ ಗೊತ್ತಾದದ್ದು 2009ರ ಜನವರಿ 15ರಂದು. ನ್ಯೂಯಾರ್ಕ್‌ನಿಂದ ಏರಿದ ಯುಎಸ್ ಏರ್‌ವೇಸ್ ವಿಮಾನದ ಎರಡೂ ಎಂಜಿನ್‌ಗಳು ಹಕ್ಕಿಗಳ ಹಿಂಡು ಬಡಿದು ಶಕ್ತಿ ಕಳೆದುಕೊಂಡವು. ಕ್ಯಾಪ್ಟನ್ ಚೆಸ್ಲಿ ಸಲೆನ್‌ಬರ್ಗರ್ ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು. 155 ಮಂದಿಯೂ ಬದುಕಿದರು. ಅವರು 1980ರಲ್ಲಿ ಸೇರಿದ್ದು ಪಿಎಸ್‌ಎ ಎಂಬ ಕ್ಯಾಲಿಫೋರ್ನಿಯಾದ ಕಂಪನಿಗೆ. 1988ರ ವಿಲೀನದಲ್ಲಿ ಅದು ಯುಎಸ್‌ಏರ್‌ಗೆ (ಯುಎಸ್ ಏರ್‌ವೇಸ್‌ನ ಆಗಿನ ಹೆಸರು) ಸೇರಿಹೋಯಿತು. ಪಕ್ಕದಲ್ಲಿದ್ದ ಜೆಫ್ರಿ ಸ್ಕೈಲ್ಸ್ ಹಿಂದೆ ಕ್ಯಾಪ್ಟನ್ ಆಗಿದ್ದವರು. ಕಂಪನಿ ಕುಗ್ಗಿದಾಗ ಪಟ್ಟಿಯಲ್ಲಿ ಅವರ ಸಂಖ್ಯೆಗೆ ಕ್ಯಾಪ್ಟನ್ ಸೀಟು ಉಳಿಯದೆ ಮತ್ತೆ ಸಹಪೈಲಟ್ ಆಗಿದ್ದರು. ಏರ್‌ಬಸ್ ತರಬೇತಿ ಮುಗಿಸಿ ಆ ಮಾದರಿಯಲ್ಲಿ ಅದು ಅವರ ಮೊದಲ ನಿಯೋಜನೆ. ಬಲಗಡೆಯ ಸೀಟಿನಲ್ಲಿ ಕೂತ ಆ ಹಳೆಯ ಕ್ಯಾಪ್ಟನ್ ಎಂಜಿನ್ ಮತ್ತೆ ಚಾಲೂ ಮಾಡುವ ಉದ್ದನೆಯ ಚೆಕ್‌ಲಿಸ್ಟ್ ಓದುತ್ತಿದ್ದರು, ಎಡಗಡೆಯವರು ನದಿಯತ್ತ ವಿಮಾನವನ್ನು ತಿರುಗಿಸುತ್ತಿದ್ದರು. ಹಕ್ಕಿ ಬಡಿದಾಗಿನಿಂದ ನೀರು ಮುಟ್ಟುವವರೆಗೆ ಸಿಕ್ಕಿದ್ದು ಮೂರೂವರೆ ನಿಮಿಷ. ಮುಂದಿನ ತಿಂಗಳು ಸಂಸತ್ತಿನ ಸಮಿತಿಯ ಮುಂದೆ ನಿಂತ ಸಲೆನ್‌ಬರ್ಗರ್, ತಮ್ಮ ಸಂಬಳ ಶೇಕಡಾ 40ರಷ್ಟು ಕಡಿತವಾದದ್ದನ್ನೂ ಪಿಂಚಣಿ ಹೋದದ್ದನ್ನೂ ಹೇಳಿದರು. ತಮ್ಮ ಮಕ್ಕಳು ಇದೇ ವೃತ್ತಿಗೆ ಬರಲಿ ಎಂದು ಬಯಸುವ ಒಬ್ಬ ಪೈಲಟ್ ಕೂಡ ತಮಗೆ ಗೊತ್ತಿಲ್ಲ ಎಂದರು. ದೇಶವೇ ಚಪ್ಪಾಳೆ ತಟ್ಟುತ್ತಿದ್ದ ಹೊತ್ತಿನಲ್ಲಿ ಬಂದ ಆ ಮಾತು ಇಡೀ ತಲೆಮಾರಿನ ಹತಾಶೆಯ ದಾಖಲೆ.

ಪೂರ್ವ ಪಶ್ಚಿಮದ ಕಥೆ ಮುಗಿದದ್ದು ಇನ್ನೊಂದು ವಿಲೀನದಿಂದ. 2013ರ ಡಿಸೆಂಬರ್‌ನಲ್ಲಿ ಯುಎಸ್ ಏರ್‌ವೇಸ್ ಮತ್ತು ದಿವಾಳಿಯಾಗಿದ್ದ ಅಮೆರಿಕನ್ ಏರ್‌ಲೈನ್ಸ್ ಒಂದಾದವು. ಅಮೆರಿಕನ್‌ನ ಪೈಲಟ್‌ಗಳ ಸಂಖ್ಯೆ ದೊಡ್ಡದು, ಅವರ ಯೂನಿಯನ್ನೇ 2014ರಲ್ಲಿ ಎಲ್ಲರ ಪ್ರತಿನಿಧಿಯಾಯಿತು. ಮತಬಲದಿಂದ ಬಂದ ಯುಸಾಪಾ ಹಾಗೆಯೇ ಹೋಯಿತು. ಮೆಕ್ಯಾಸ್ಕಿಲ್ ಮತ್ತು ಬಾಂಡ್ ತಂದ ಕಾನೂನಿನಂತೆ ಮೂವರು ಮಧ್ಯಸ್ಥಗಾರರ ಮಂಡಳಿ ಕುಳಿತು 2016ರ ಸೆಪ್ಟೆಂಬರ್‌ನಲ್ಲಿ ಒಂದೇ ಪಟ್ಟಿ ಕೊಟ್ಟಿತು.

ಎಲ್ಲ ವಿಲೀನಗಳೂ ಹೀಗೇ ಆಗಬೇಕೆಂದಿಲ್ಲ. ಡೆಲ್ಟಾ ಮತ್ತು ನಾರ್ತ್‌ವೆಸ್ಟ್ 2008ರಲ್ಲಿ ಒಂದಾಗುವ ಮುನ್ನ ಪೈಲಟ್‌ಗಳ ನಡುವೆ ಜ್ಯೇಷ್ಠತೆಯ ಮಾತುಕತೆ ಮುರಿದುಬಿದ್ದಿತ್ತು. ಆದರೆ ಎರಡು ಕಡೆಯವರೂ ಪಾಠ ಕಲಿತಿದ್ದರು. ಮೊದಲು ಎಲ್ಲರಿಗೂ ಒಂದೇ ವೇತನ ಒಪ್ಪಂದ ಮಾಡಿಕೊಂಡು, ಅದರಲ್ಲಿ ಕಂಪನಿಯ ಷೇರಿನ ಪಾಲನ್ನೂ ಪಡೆದು, ಪಟ್ಟಿಯನ್ನು ಮಧ್ಯಸ್ಥಿಕೆಗೆ ಬಿಟ್ಟರು. ಅಕ್ಟೋಬರ್ ಕೊನೆಗೆ ವಿಲೀನ, ಡಿಸೆಂಬರ್‌ನಲ್ಲಿ ಪಟ್ಟಿ. ಅದಕ್ಕೂ ಗೊಣಗಾಟ ಇತ್ತು, ಆದರೆ ಯಾರೂ ಯೂನಿಯನ್ ಒಡೆಯಲಿಲ್ಲ. 2011ರಲ್ಲಿ ಸೌತ್‌ವೆಸ್ಟ್ ಕಂಪನಿ ಏರ್‌ಟ್ರಾನ್ ಅನ್ನು ಕೊಂಡಾಗ ಬೇರೆಯೇ ಪಾಠ. ಏರ್‌ಟ್ರಾನ್ ಪೈಲಟ್‌ಗಳ ನಾಯಕರು ಮೊದಲ ಒಪ್ಪಂದವನ್ನು ಸದಸ್ಯರ ಮತಕ್ಕೇ ಹಾಕದೆ ತಿರಸ್ಕರಿಸಿದರು. ಹಾಗಾದರೆ ಎರಡು ಕಂಪನಿಗಳನ್ನು ಬೆಸೆಯದೆಯೂ ಇರಬಹುದು ಎಂಬ ಸೂಚನೆ ಆಡಳಿತದಿಂದ ಬಂತು. ಕೆಲವೇ ತಿಂಗಳಲ್ಲಿ ಮೊದಲಿನದಕ್ಕಿಂತ ಕಡಿಮೆ ಲಾಭದ ಎರಡನೆಯ ಒಪ್ಪಂದಕ್ಕೆ ಸದಸ್ಯರು ಒಪ್ಪಿಗೆಯ ಮತ ಹಾಕಬೇಕಾಯಿತು. ಸದಸ್ಯರ ಭವಿಷ್ಯದ ನಿರ್ಧಾರವನ್ನು ಸದಸ್ಯರ ಮುಂದಿಡದಿರುವುದು ನಾಯಕತ್ವವಲ್ಲ.

ಯೂನಿಯನ್ ಚುನಾವಣೆಯ ಹೊರತಾಗಿ ಪೈಲಟ್‌ಗಳು ಇನ್ನೆರಡು ಬಗೆಯ ಮತ ಹಾಕುತ್ತಾರೆ. ಕಂಪನಿಯೊಡನೆ ಆದ ತಾತ್ಕಾಲಿಕ ಒಪ್ಪಂದವನ್ನು ಒಪ್ಪುವ ಅಥವಾ ತಿರಸ್ಕರಿಸುವ ಮತ ಒಂದು. ಮುಷ್ಕರಕ್ಕೆ ಕರೆ ಕೊಡುವ ಅಧಿಕಾರವನ್ನು ನಾಯಕರಿಗೆ ಕೊಡುವ ಮತ ಇನ್ನೊಂದು. ಎರಡನೆಯದರಲ್ಲಿ ಶೇಕಡಾ 99 ಬಂದಿತು ಎಂಬ ಸುದ್ದಿ ಓದಿ ನಾಳೆಯೇ ವಿಮಾನ ನಿಲ್ಲುತ್ತವೆ ಎಂದು ಪ್ರಯಾಣಿಕರು ಗಾಬರಿಯಾಗುವುದುಂಟು. ಹಾಗೇನಿಲ್ಲ. ರೈಲ್ವೆ ಕಾರ್ಮಿಕ ಕಾಯ್ದೆಯಲ್ಲಿ ಒಪ್ಪಂದದ ಅವಧಿ ಮುಗಿಯುವುದೇ ಇಲ್ಲ. ಹೊಸದು ಬರುವ ತನಕ ಹಳೆಯದೇ ನಡೆಯುತ್ತದೆ. ಮಾತುಕತೆ ಇನ್ನು ಮುಂದುವರಿಯದು ಎಂದು ಮೀಡಿಯೇಷನ್ ಬೋರ್ಡ್ ಹೇಳಬೇಕು, ಆಮೇಲೆ 30 ದಿನ ಕಾಯಬೇಕು, ಅಷ್ಟಾದ ಮೇಲೂ ಅಧ್ಯಕ್ಷರು ಮಧ್ಯೆ ಬರಬಹುದು. 1997ರ ಫೆಬ್ರವರಿಯಲ್ಲಿ ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳ ಮುಷ್ಕರವನ್ನು ಅಧ್ಯಕ್ಷ ಕ್ಲಿಂಟನ್ ಕೆಲವೇ ನಿಮಿಷಗಳಲ್ಲಿ ನಿಲ್ಲಿಸಿದರು. 2010ರಲ್ಲಿ ಸ್ಪಿರಿಟ್ ಪೈಲಟ್‌ಗಳು ಕೆಲವು ದಿನ ಕೆಲಸ ನಿಲ್ಲಿಸಿದ್ದರು. ಅಂಥ ಮುಷ್ಕರಗಳು ತೀರಾ ವಿರಳ. ಆದ್ದರಿಂದ ಶೇಕಡಾ 99ರ ಮತವನ್ನು ಒಗ್ಗಟ್ಟಿನ ಅಳತೆಗೋಲಾಗಿ ಓದಬೇಕು.

ನಿಜವಾದ ಶಕ್ತಿ ಕಾಣುವುದು ಒಪ್ಪಂದವನ್ನು ತಿರಸ್ಕರಿಸುವ ಮತದಲ್ಲಿ. ಕೋವಿಡ್ ಮುಗಿದು ಪ್ರಯಾಣಿಕರು ಮರಳಿದಾಗ ಅಮೆರಿಕದಲ್ಲಿ ಪೈಲಟ್‌ಗಳ ಕೊರತೆ ಕಾಣಿಸಿಕೊಂಡಿತು. ಹಿರಿಯರನ್ನು ಸ್ವಯಂ ನಿವೃತ್ತಿ ಕೊಟ್ಟು ಕಳುಹಿಸಿ ಆಗಿತ್ತು. 2022ರ ನವೆಂಬರ್‌ನಲ್ಲಿ ಯುನೈಟೆಡ್ ಪೈಲಟ್‌ಗಳ ಪೈಕಿ ಶೇಕಡಾ 94 ಮಂದಿ ತಾತ್ಕಾಲಿಕ ಒಪ್ಪಂದ ಬೇಡವೆಂದರು. ಮುಂದಿನ ಮಾರ್ಚ್‌ನಲ್ಲಿ ಡೆಲ್ಟಾ ಪೈಲಟ್‌ಗಳು ನಾಲ್ಕು ವರ್ಷಗಳಲ್ಲಿ ಶೇಕಡಾ 34ರಷ್ಟು ಏರುವ ಒಪ್ಪಂದಕ್ಕೆ ಶೇಕಡಾ 78 ಮತದಿಂದ ಒಪ್ಪಿದರು. ಉಳಿದ ಕಂಪನಿಗಳು ಅದೇ ದರವನ್ನು ಹಿಡಿದು ಹೋಗಬೇಕಾಯಿತು.

ಆದರೂ ಪೈಲಟ್‌ಗಳ ದೂರು ಬರೀ ಸಂಬಳದ್ದಲ್ಲ. ಯುನೈಟೆಡ್‌ನ ಮತದಲ್ಲೂ ದೊಡ್ಡ ಸಿಟ್ಟು ಇದ್ದದ್ದು ಕೆಲಸದ ವೇಳೆಯ ಬಗ್ಗೆ. ಕಿರಿಯ ಪೈಲಟ್ ತಿಂಗಳುಗಟ್ಟಲೆ ರಿಸರ್ವ್‌ನಲ್ಲಿರುತ್ತಾರೆ, ಅಂದರೆ ಫೋನ್ ಬಂದರೆ ಹೊರಡಲು ಸಿದ್ಧವಾಗಿ ಕಾಯುತ್ತಾರೆ. ಸಂಬಳದ ಲೆಕ್ಕ ಮುಖ್ಯವಾಗಿ ವಿಮಾನ ಜಾಗ ಬಿಟ್ಟು ಜರುಗಿದಾಗಿನಿಂದ ನಿಲ್ಲುವವರೆಗೆ; ಹವಾಮಾನ ನೋಡುವುದು, ವಿಮಾನವನ್ನು ಸುತ್ತಿ ಪರಿಶೀಲಿಸುವುದು, ತಡವಾದ ವಿಮಾನಕ್ಕಾಗಿ ಗಂಟೆಗಟ್ಟಲೆ ಕೂರುವುದು ಬಹುಪಾಲು ಆ ಲೆಕ್ಕದ ಹೊರಗೆ. ಠಾಣೆ ಒಂದೂರು, ಮನೆ ಇನ್ನೊಂದೂರು ಆದಾಗ ಸ್ವಂತ ಸಮಯದಲ್ಲಿ ಇನ್ನೊಂದು ವಿಮಾನ ಹತ್ತಿ ಕೆಲಸಕ್ಕೆ ಬರಬೇಕು. ಈ ದಣಿವಿನ ಬೆಲೆ 2009ರ ಫೆಬ್ರವರಿಯಲ್ಲಿ ಕಂಡಿತು. ಬಫೆಲೊ ನಗರದ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಮಂದಿ ಸತ್ತರು. ಸಹಪೈಲಟ್ ಹಿಂದಿನ ರಾತ್ರಿ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಬೇರೆ ವಿಮಾನಗಳಲ್ಲಿ ಪ್ರಯಾಣಿಸಿ ಬಂದಿದ್ದರು, ಸಂಬಳವೂ ತೀರಾ ಕಡಿಮೆ. ಮೃತರ ಕುಟುಂಬಗಳ ಛಲದಿಂದ ಪೈಲಟ್‌ಗಳ ಕರ್ತವ್ಯ ಮತ್ತು ವಿಶ್ರಾಂತಿಯ ಹೊಸ ನಿಯಮ 2014ರಲ್ಲಿ ಜಾರಿಗೆ ಬಂತು. 2022ರ ಡಿಸೆಂಬರ್ ಚಳಿಗಾಳಿಯಲ್ಲಿ ಸೌತ್‌ವೆಸ್ಟ್ 16 ಸಾವಿರಕ್ಕೂ ಹೆಚ್ಚು ಹಾರಾಟ ರದ್ದು ಮಾಡಿದಾಗ, ಪೈಲಟ್‌ಗಳು ತಾವೆಲ್ಲಿದ್ದೇವೆ ಎಂದು ಕಂಪನಿಗೆ ತಿಳಿಸಲು ಗಂಟೆಗಟ್ಟಲೆ ಫೋನ್ ಹಿಡಿದು ಕೂತಿದ್ದರು. ರೋಸ್ಟರ್ ಹೊಂದಿಸುವ ಹಳೆಯ ವ್ಯವಸ್ಥೆ ಕುಸಿಯುತ್ತದೆ ಎಂದು ಅವರ ಯೂನಿಯನ್ ಮೊದಲೇ ಎಚ್ಚರಿಸಿತ್ತು.

ಭಾರತದ ಸ್ಥಿತಿ ಒಂದು ಮುಖ್ಯ ವಿಷಯದಲ್ಲಿ ಬೇರೆ. ಇಲ್ಲಿ ಕ್ಯಾಪ್ಟನ್ ಆದವರನ್ನು ಇನ್ನೊಂದು ಕಂಪನಿ ಕ್ಯಾಪ್ಟನ್ ಆಗಿಯೇ ತೆಗೆದುಕೊಳ್ಳುವುದುಂಟು. ಅಮೆರಿಕದ ಪೈಲಟ್ ಬಿಟ್ಟುಹೋಗಲಾರದೆ ಮತ ಹಾಕಿದರೆ, ಭಾರತದ ಪೈಲಟ್‌ನ ಅಸ್ತ್ರ ರಾಜೀನಾಮೆ. ಆ ಅಸ್ತ್ರವನ್ನು ಮೊಂಡು ಮಾಡಲು ನೋಟಿಸ್ ಅವಧಿ ಇದೆ. 2017ರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ ಕ್ಯಾಪ್ಟನ್ ಒಂದು ವರ್ಷ, ಸಹಪೈಲಟ್ ಆರು ತಿಂಗಳು ಮೊದಲು ತಿಳಿಸಬೇಕು. ತರಬೇತಿ ಬಾಂಡ್ ಬೇರೆ. ಖಾಸಗಿ ಕಂಪನಿಗಳಲ್ಲಿ ಯೂನಿಯನ್ ಕಟ್ಟುವುದು ಸುಲಭವಲ್ಲ. 2009ರ ಸೆಪ್ಟೆಂಬರ್‌ನಲ್ಲಿ ಜೆಟ್ ಏರ್‌ವೇಸ್ ಪೈಲಟ್‌ಗಳು ಸಂಘ ಕಟ್ಟಿದಾಗ ಕೆಲವರನ್ನು ವಜಾ ಮಾಡಲಾಯಿತು. ನೂರಾರು ಮಂದಿ ಒಟ್ಟಿಗೆ ಕಾಯಿಲೆ ರಜೆ ಹಾಕಿ ಐದು ದಿನ ಹಾರಾಟ ಏರುಪೇರು ಮಾಡಿದ ಮೇಲೆ ಆಡಳಿತ ಮಾತಿಗೆ ಬಂತು.

ಸರ್ಕಾರದ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ 2007ರಲ್ಲಿ ಒಂದಾದಾಗ ಮಾಡಿದ ತಪ್ಪು ಯುಎಸ್ ಏರ್‌ವೇಸ್‌ನದ್ದೇ. ಕಂಪನಿ ಒಂದಾಯಿತು, ಪೈಲಟ್‌ಗಳು ಎರಡಾಗಿಯೇ ಉಳಿದರು. ಏರ್ ಇಂಡಿಯಾದವರಿಗೆ ಇಂಡಿಯನ್ ಪೈಲಟ್ಸ್ ಗಿಲ್ಡ್, ಇಂಡಿಯನ್ ಏರ್‌ಲೈನ್ಸ್‌ನವರಿಗೆ ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್. ಸಂಬಳ ಬೇರೆ, ಬಡ್ತಿಯ ನಿಯಮ ಬೇರೆ. ಸಮಾನ ವೇತನಕ್ಕಾಗಿ ಎರಡನೆಯವರು 2011ರಲ್ಲಿ ಸುಮಾರು ಹತ್ತು ದಿನ ಮುಷ್ಕರ ಹೂಡಿದರು. ಆಮೇಲೆ ಬಂದದ್ದು ಬೋಯಿಂಗ್ 787 ಜಗಳ. ವಿಲೀನಕ್ಕೆ ಮೊದಲೇ ಏರ್ ಇಂಡಿಯಾ 27 ಅಂಥ ವಿಮಾನಗಳಿಗೆ ಆರ್ಡರ್ ಕೊಟ್ಟಿತ್ತು. ಅದರ ತರಬೇತಿಗೆ ಇಂಡಿಯನ್ ಏರ್‌ಲೈನ್ಸ್ ಮೂಲದವರನ್ನೂ ಕಳುಹಿಸಲು ಆಡಳಿತ ಮುಂದಾದಾಗ ಗಿಲ್ಡ್ ಸಿಡಿದೆದ್ದಿತು. ನಮ್ಮ ಕಂಪನಿ ತಂದ ವಿಮಾನದ ಕಮಾಂಡ್ ನಮಗೇ ಸಿಗದೆ ತಡವಾಗುತ್ತದೆ ಎಂಬುದು ಅವರ ವಾದ. ಈಗ ಇರುವುದು ಒಂದೇ ಕಂಪನಿ, ಹಾಗಾದರೆ ಹೊಸ ವಿಮಾನ ಎಲ್ಲರದ್ದೂ ಎಂಬುದು ಎದುರಾಳಿಗಳ ವಾದ. 2012ರ ಮೇ ತಿಂಗಳಿಂದ ಜುಲೈವರೆಗೆ 58 ದಿನ ಮುಷ್ಕರ ನಡೆಯಿತು. ದೆಹಲಿ ಹೈಕೋರ್ಟ್ ಅದನ್ನು ಕಾನೂನುಬಾಹಿರ ಎಂದಿತು, ನೂರಕ್ಕೂ ಹೆಚ್ಚು ಪೈಲಟ್‌ಗಳು ವಜಾ ಆದರು, ಅವರನ್ನು ಸಹಾನುಭೂತಿಯಿಂದ ಪರಿಗಣಿಸುವ ಭರವಸೆಯ ಮೇಲೆ ಮುಷ್ಕರ ಮುಗಿಯಿತು. ನೌಕರರ ಸೇವಾ ನಿಯಮ ಬೆಸೆಯಲು ನೇಮಿಸಿದ್ದ ನ್ಯಾಯಮೂರ್ತಿ ಧರ್ಮಾಧಿಕಾರಿ ಸಮಿತಿ ವರದಿ ಕೊಟ್ಟದ್ದು 2012ರ ಜನವರಿಯಲ್ಲಿ, ಅಂದರೆ ವಿಲೀನವಾಗಿ ನಾಲ್ಕು ವರ್ಷದ ಮೇಲೆ. ಮೊದಲು ಆಗಬೇಕಿದ್ದ ಕೆಲಸ ಕೊನೆಗೆ ಬಂತು.

ಬೆಂಗಳೂರಿಗೂ ಇದರ ಬಿಸಿ ತಟ್ಟಿದೆ. ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಇಲ್ಲಿಂದ ಹಾರಿಸಿದ ಏರ್ ಡೆಕ್ಕನ್ ಕಿಂಗ್‌ಫಿಶರ್ ಜೊತೆ ಬೆರೆತುಹೋಯಿತು; ಆ ಕಂಪನಿ 2012ರ ಅಕ್ಟೋಬರ್‌ನಲ್ಲಿ ನೆಲಕಚ್ಚಿದಾಗ ಪೈಲಟ್‌ಗಳಿಗೆ ತಿಂಗಳುಗಳ ಸಂಬಳ ಬಾಕಿಯಿತ್ತು. ಬೆಂಗಳೂರಿನಲ್ಲೇ ನೆಲೆಯಿದ್ದ ಏರ್‌ಏಷ್ಯಾ ಇಂಡಿಯಾ 2024ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನೊಳಗೆ ಸೇರಿತು, ಮುಂದಿನ ತಿಂಗಳು ವಿಸ್ತಾರ ಏರ್ ಇಂಡಿಯಾದೊಳಗೆ. ಟಾಟಾ ಒಡೆತನದ ಈ ಬೆಸುಗೆಯ ನಡುವೆ 2023ರ ಏಪ್ರಿಲ್‌ನಲ್ಲಿ ಹೊಸ ವೇತನ ಒಪ್ಪಂದದ ವಿರುದ್ಧ ಏರ್ ಇಂಡಿಯಾದ 1,500ಕ್ಕೂ ಹೆಚ್ಚು ಪೈಲಟ್‌ಗಳು ಸಹಿ ಹಾಕಿ ರತನ್ ಟಾಟಾ ಅವರಿಗೆ ಮನವಿ ಕಳುಹಿಸಿದರು. 2012ರಲ್ಲಿ ಪರಸ್ಪರ ಕತ್ತಿ ಮಸೆದಿದ್ದ ಎರಡೂ ಸಂಘಗಳು ಆ ವಿರೋಧದಲ್ಲಿ ಜೊತೆಯಾಗಿ ನಿಂತಿದ್ದವು. 2024ರ ಏಪ್ರಿಲ್ ಮೊದಲ ವಾರ ವಿಸ್ತಾರದ ಸರದಿ. ತಿಂಗಳಿಗೆ 70 ಗಂಟೆಯ ಖಾತರಿ ವೇತನವನ್ನು 40 ಗಂಟೆಗೆ ಇಳಿಸಿದ ಒಪ್ಪಂದ ಕೈಗೆ ಬಂದಾಗ ಪೈಲಟ್‌ಗಳು ಕೆಲಸಕ್ಕೆ ಬರುವುದನ್ನು ಕಡಿಮೆ ಮಾಡಿದರು. ದಿನವೂ ಹತ್ತಾರು ಹಾರಾಟ ರದ್ದಾಗಿ ಕಂಪನಿ ತನ್ನ ವೇಳಾಪಟ್ಟಿಯನ್ನೇ ಮೊಟಕು ಮಾಡಬೇಕಾಯಿತು. ಕೌಂಟರ್ ಮುಂದೆ ಸಾಲುಗಟ್ಟಿ ನಿಂತ ಪ್ರಯಾಣಿಕರಿಗೆ ಸಿಕ್ಕ ಕಾರಣ ಸಿಬ್ಬಂದಿ ಲಭ್ಯವಿಲ್ಲ ಎಂಬುದಷ್ಟೇ.

ವಿಮಾನಯಾನ ಕಂಪನಿಗಳು ಒಂದಾದಾಗ ಪೈಲಟ್‌ಗಳ ಪಟ್ಟಿಗಳನ್ನು ಹೇಗೆ ಬೆಸೆಯಬೇಕು, ಒಮ್ಮತ ಬಾರದಿದ್ದರೆ ಯಾರು ತೀರ್ಮಾನಿಸಬೇಕು ಎಂದು ಹೇಳುವ ಪ್ರತ್ಯೇಕ ಕಾನೂನು ಭಾರತದಲ್ಲಿಲ್ಲ. ಸ್ಪರ್ಧಾ ಆಯೋಗ ದರ ಮತ್ತು ಮಾರುಕಟ್ಟೆಯನ್ನು ನೋಡುತ್ತದೆ, ಕಂಪನಿ ಕಾನೂನು ನ್ಯಾಯಮಂಡಳಿ ಷೇರು ಮತ್ತು ಸಾಲವನ್ನು ನೋಡುತ್ತದೆ. ಕಾಕ್‌ಪಿಟ್‌ನಲ್ಲಿ ಕೂರುವವರ ಹಿರಿತನ ಆಡಳಿತದ ಮರ್ಜಿಗೆ ಬಿಟ್ಟ ವಿಷಯವಾಗಿ ಉಳಿದಿದೆ. ವಿಲೀನಕ್ಕೆ ಒಪ್ಪಿಗೆ ಕೊಡುವ ಮುನ್ನವೇ ಜ್ಯೇಷ್ಠತಾ ಪಟ್ಟಿಯೂ ವೇತನ ಒಪ್ಪಂದವೂ ಸಿದ್ಧವಿರಬೇಕು, ಇಲ್ಲದಿದ್ದರೆ ನಿಗದಿತ ಗಡುವಿನೊಳಗೆ ಸ್ವತಂತ್ರ ಮಧ್ಯಸ್ಥಗಾರರು ಅದನ್ನು ಮುಗಿಸಬೇಕು ಎಂಬ ಷರತ್ತನ್ನು ನಾಗರಿಕ ವಿಮಾನಯಾನ ಸಚಿವಾಲಯ ಮುಂದಿನ ವಿಲೀನಕ್ಕೆ ಮೊದಲು ನಿಯಮವಾಗಿ ತರಬೇಕು.